ಬೆಟ್ಟದ ಲೆಕ್ಕ, ಕಡಲಿನ ಋಣ

ಸರ್ಫಿಂಗ್ ಮೇಲೋ ಮೌಂಟನ್ ಬೈಕಿಂಗ್ ಮೇಲೋ ಎಂದು ಕೇಳಿದರೆ ಬಹಳ ಮಂದಿ ‘ಲೋಕೋ ಭಿನ್ನರುಚಿಃ’ ಎಂದು ಮಾತು ಮುಗಿಸಿಬಿಡುತ್ತಾರೆ. ನನಗೆ ಆ ಉತ್ತರ ಸಾಲದು. ವರ್ಷಗಟ್ಟಲೆ ಬಿಡುವಿನ ಹೊತ್ತನ್ನೆಲ್ಲ ಸುರಿದು, ಮೈಕೈ ನೋಯಿಸಿಕೊಂಡು, ಒಮ್ಮೊಮ್ಮೆ ಎಲುಬನ್ನೂ ಮುರಿದುಕೊಂಡು ಮಾಡುವ ಹವ್ಯಾಸ ಬರೀ ರುಚಿಯ ಸಂಗತಿಯಾಗಿ ಉಳಿಯುವುದಿಲ್ಲ. ಅದು ಮನುಷ್ಯನನ್ನು ಒಂದು ದಿಕ್ಕಿಗೆ ಬಾಗಿಸುತ್ತದೆ. ಯಾವ ದಿಕ್ಕಿಗೆ ಎಂಬುದನ್ನು ಕುಳಿತು ಚರ್ಚಿಸಬಹುದು, ಚರ್ಚಿಸಬೇಕು.

ಜಾನ್ ಸ್ಟುವರ್ಟ್ ಮಿಲ್ 1861ರಲ್ಲಿ ಇಂಥ ಪ್ರಶ್ನೆಗಳಿಗೆ ಒಂದು ಪರೀಕ್ಷೆ ಸೂಚಿಸಿದ್ದ: ಎರಡು ಸುಖಗಳನ್ನೂ ಚೆನ್ನಾಗಿ ಬಲ್ಲವರು ಯಾವುದನ್ನು ಆರಿಸುತ್ತಾರೋ ಅದೇ ಮೇಲು. ಇಲ್ಲಿ ಆ ಪರೀಕ್ಷೆ ನಡೆಯುವುದು ಕಷ್ಟ. ಕಡಲಂಚಿನಲ್ಲಿ ಬೆಳೆದವರಿಗೆ ಅಲೆ ಒಗ್ಗಿರುತ್ತದೆ, ಗುಡ್ಡದ ಬುಡದಲ್ಲಿ ಬೆಳೆದವರಿಗೆ ಸೈಕಲ್. ಎರಡರಲ್ಲೂ ಸಮನಾಗಿ ಪಳಗಿದ ತೀರ್ಪುಗಾರರು ಸಿಗುವುದು ಅಪರೂಪ. ಆದ್ದರಿಂದ ಯಾರ ಮತ ಯಾವುದಕ್ಕೆ ಎಂದು ಎಣಿಸುವ ಬದಲು ಈ ಎರಡು ಆಟಗಳ ಒಳಗೆ ಏನು ನಡೆಯುತ್ತದೆ ಎಂದು ನೋಡೋಣ.

ಮೌಂಟನ್ ಬೈಕಿಂಗ್ ಹುಟ್ಟಿದ್ದು ಸ್ಯಾನ್‌ಫ್ರಾನ್ಸಿಸ್ಕೊ ಪಕ್ಕದ ಮರಿನ್ ಕೌಂಟಿಯಲ್ಲಿ, ಟಮಾಲ್ಪಯಸ್ ಬೆಟ್ಟದ ಸೀಮೆಯಲ್ಲಿ. 1970ರ ದಶಕದಲ್ಲಿ ಅಲ್ಲಿನ ಒಂದಷ್ಟು ಹುಡುಗರು ಎರಡನೇ ಮಹಾಯುದ್ಧಕ್ಕೂ ಹಿಂದಿನ ದಪ್ಪ ಟಯರಿನ ಭಾರಿ ಸೈಕಲ್ಲುಗಳನ್ನು ಬೆಟ್ಟದ ಮೇಲೆ ಸಾಗಿಸಿ, ಮಣ್ಣಿನ ದಾರಿಯಲ್ಲಿ ಕೆಳಕ್ಕೆ ಬಿಡುತ್ತಿದ್ದರು. ಪೆಡಲ್ ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು. ಮೂರು ಕಿಲೋಮೀಟರ್ ದಾರಿಯಲ್ಲಿ ಸುಮಾರು ನಾನೂರು ಮೀಟರ್ ಇಳಿತ. ಕೆಳಗೆ ಮುಟ್ಟುವಷ್ಟರಲ್ಲಿ ಹಬ್ಬಿನೊಳಗಿನ ಗ್ರೀಸು ಕಾದು ಹೊಗೆಯಾಗಿ ಹೋಗಿರುತ್ತಿತ್ತು, ಮತ್ತೆ ತುಂಬಬೇಕಾಗುತ್ತಿತ್ತು. ಹಾಗಾಗಿ ಆ ದಾರಿಗೆ ರೀಪ್ಯಾಕ್ ಎಂದೇ ಹೆಸರಾಯಿತು. 1976ರ ಅಕ್ಟೋಬರ್ 21ರಂದು ಅಲ್ಲಿ ಮೊದಲ ರೇಸು ನಡೆಯಿತು. ಮರುವರ್ಷ ಆ ಸವಾರರಲ್ಲೊಬ್ಬನಾದ ಜೋ ಬ್ರೀಜ್ ಇದಕ್ಕೆಂದೇ ಹೊಸ ಫ್ರೇಮು ಕಟ್ಟಿದ. 1996ರ ಅಟ್ಲಾಂಟಾ ಹೊತ್ತಿಗೆ ಈ ಆಟ ಒಲಿಂಪಿಕ್ಸ್‌ಗೆ ಬಂತು.

ಈ ಕಥೆಯಲ್ಲಿ ನನ್ನ ಗಮನ ಸೆಳೆಯುವುದು ಗಡಿಯಾರ. ರೀಪ್ಯಾಕ್‌ನಲ್ಲಿ ಮೊದಲ ರೇಸಿನಿಂದಲೇ ಹೊತ್ತು ಅಳೆಯುತ್ತಿದ್ದರು. ಅಲ್ಲಿನ ಅತಿ ವೇಗದ ಇಳಿತ ಗ್ಯಾರಿ ಫಿಶರ್ ಎಂಬ ಸವಾರನದು, 4 ನಿಮಿಷ 22 ಸೆಕೆಂಡು; ಬ್ರೀಜ್‌ನದು 4 ನಿಮಿಷ 24 ಸೆಕೆಂಡು. ಆ ಎರಡು ಸೆಕೆಂಡಿನ ಅಂತರವನ್ನು ಇವತ್ತಿಗೂ ಬರೆದಿಡುತ್ತಾರೆ. ಕಾರಣ ಸುಲಭ: ಬೆಟ್ಟ ಅಲ್ಲೇ ಇರುತ್ತದೆ, ತಿರುವು ಅಲ್ಲೇ ಇರುತ್ತದೆ, ನಿನ್ನೆಯ ಸವಾರನನ್ನೂ ಇಂದಿನ ಸವಾರನನ್ನೂ ಒಂದೇ ಕೋಲಿನಲ್ಲಿ ಅಳೆಯಬಹುದು.

ಹಾಗೆ ಅಲ್ಲೇ ಇರುವ ದಾರಿ ಕೊಡುವ ಸುಖ ಸಣ್ಣದಲ್ಲ. ಮಳೆಗಾಲ ಕಳೆದ ಹೊಸತರಲ್ಲಿ ಮಲೆನಾಡಿನ ಕಾಲುದಾರಿಯೊಂದನ್ನು ಇಳಿದು ನೋಡಿ. ಮುರಕಲ್ಲಿನ ಮೇಲೆ ಪಾಚಿ, ಪಾಚಿಯ ಮೇಲೆ ಕೊಳೆತ ಎಲೆ, ಅದರಡಿಯಲ್ಲಿ ಬೇರು. ಪೆಡಲ್ ಎರಡನ್ನೂ ನೆಲಕ್ಕೆ ಸಮನಾಗಿ ಹಿಡಿದು, ಸೀಟು ಬಿಟ್ಟು ಎದ್ದು, ಭಾರವನ್ನು ಹಿಂದಕ್ಕೆ ತಂದು, ಬ್ರೇಕಿನ ಮೇಲೆ ಒಂದೊಂದೇ ಬೆರಳಿಟ್ಟು ಇಳಿಯಬೇಕು. ಕಣ್ಣು ಕಲ್ಲಿಗೆ ಅಂಟಿಕೊಂಡರೆ ಚಕ್ರ ಆ ಕಲ್ಲಿಗೇ ಹೋಗಿ ಬಡಿಯುತ್ತದೆ. ನೋಡಬೇಕಾದ್ದು ಕಲ್ಲಿನ ಪಕ್ಕದ ಸಂದನ್ನು. ತಪ್ಪಿ ಬಿದ್ದರೂ ಎದ್ದು, ಹತ್ತು ಹೆಜ್ಜೆ ಹಿಂದಕ್ಕೆ ನಡೆದು, ಎಲ್ಲಿ ತಪ್ಪಿತು ಎಂದು ಬಗ್ಗಿ ನೋಡಬಹುದು. ತಪ್ಪು ನೆಲದ ಮೇಲೆ ಗೆರೆಯಾಗಿ ಉಳಿದಿರುತ್ತದೆ. ಸೈಕಲ್ಲನ್ನು ಮೇಲಕ್ಕೆ ತಳ್ಳಿಕೊಂಡು ಹೋಗಿ ಮತ್ತೆ ಇಳಿಯಬಹುದು. ಮೂರನೇ ಸಲ ಆ ಬೇರು ದಾಟಿದಾಗ ಆಗುವ ಹಿಗ್ಗು ನಾವೇ ಗಳಿಸಿದ್ದು.

ಕಡಲಿನಲ್ಲಿ ಇದು ಯಾವುದೂ ಇಲ್ಲ. ಮೂಲ್ಕಿಯ ಹತ್ತಿರ ಸಸಿಹಿತ್ಲುವಿನಲ್ಲಿ ಮುರಿಯುವ ದೊಡ್ಡ ಅಲೆಗಳಲ್ಲಿ ಕೆಲವು ಹುಟ್ಟುವುದು ದಕ್ಷಿಣ ಹಿಂದೂ ಮಹಾಸಾಗರದಲ್ಲಿ, ನಲವತ್ತು ಡಿಗ್ರಿ ಅಕ್ಷಾಂಶದಿಂದಾಚೆಯ ಬಿರುಗಾಳಿಗಳಲ್ಲಿ. ಅಲ್ಲಿಂದ ಸಾವಿರಾರು ಕಿಲೋಮೀಟರ್ ದೂರವನ್ನು ಹಲವು ದಿನ ಹಾಯ್ದು ಬರುತ್ತವೆ. ಬರುವುದು ನೀರಲ್ಲ, ನೀರಿನ ಮೂಲಕ ಸಾಗುವ ಶಕ್ತಿ. ತಳದ ಆಳ ಅಲೆಯ ಎತ್ತರದ ಹತ್ತಿರಕ್ಕೆ ಇಳಿದಾಗ ಅಲೆಯ ಬುಡ ತಡವಾಗುತ್ತದೆ, ತಲೆ ಮುಂದೆ ಓಡುತ್ತದೆ, ಅಲೆ ಮಗುಚುತ್ತದೆ. ಆ ಕೆಲವೇ ಸೆಕೆಂಡುಗಳೇ ಸರ್ಫರನ ಪಾಲು. ಸ್ಪರ್ಧೆಗಿಳಿಯುವ ನುರಿತ ಸರ್ಫರುಗಳನ್ನು ಗಮನಿಸಿ ನಡೆಸಿದ ಅಧ್ಯಯನಗಳಲ್ಲಿ ನೀರಿನಲ್ಲಿದ್ದ ಹೊತ್ತಿನಲ್ಲಿ ಅರ್ಧದಷ್ಟು ಕೈಯಿಂದ ನೀರು ಎಳೆಯುವುದರಲ್ಲೇ ಹೋಗಿದೆ, ಉಳಿದದ್ದರಲ್ಲಿ ಬಹುಪಾಲು ಬೋರ್ಡಿನ ಮೇಲೆ ಸುಮ್ಮನೆ ಕುಳಿತಿರುವುದರಲ್ಲಿ. ಅಲೆಯ ಮೇಲಿದ್ದದ್ದು ಶೇಕಡ 4ರಿಂದ 8ರಷ್ಟು ಮಾತ್ರ.

ಮೂಲ್ಕಿಯಲ್ಲಿ 2004ರ ಹೊತ್ತಿಗೆ ಒಂದು ಆಶ್ರಮದ ಸುತ್ತ ಸರ್ಫಿಂಗ್ ಬೇರೂರಿತು. 2016ರ ಮೇ ತಿಂಗಳಲ್ಲಿ ಸಸಿಹಿತ್ಲು ಕಡಲತೀರದಲ್ಲಿ ಇಂಡಿಯನ್ ಓಪನ್ ನಡೆಯಿತು. ಈಗ ಅಲ್ಲಿ ಕಲಿಸುವವರಲ್ಲಿ ಆ ಊರುಗಳದೇ ಹುಡುಗರಿದ್ದಾರೆ. ಅಂಥ ಒಬ್ಬ ಹುಡುಗ ಎದೆಮಟ್ಟದ ನೀರಿನಲ್ಲಿ ನನ್ನ ಬೋರ್ಡಿನ ಬಾಲ ಹಿಡಿದು ನಿಂತಿದ್ದ. ಎದುರಿಗೆ ಒಂದು ಅಲೆ ಎದ್ದಿತು, ನಾನು ಕೈ ಹಾಕತೊಡಗಿದೆ. ‘ಬೇಡ ಸರ್, ಅದು ನಮ್ಮದಲ್ಲ, ಬಿಡಿ. ಅದರ ಹಿಂದೆ ಇನ್ನೊಂದು ಉಂಟು, ಸ್ವಲ್ಪ ತಡೀರಿ’ ಎಂದ. ಹಿಂದಿನದು ನನಗೆ ಕಾಣಿಸುತ್ತಲೇ ಇರಲಿಲ್ಲ. ಅವನು ನೋಡುತ್ತಿದ್ದದ್ದು ದಿಗಂತದ ಹತ್ತಿರದ ಒಂದು ಕಪ್ಪು ಪಟ್ಟಿಯನ್ನು. ಅದು ಬಂತು, ಬೋರ್ಡಿನ ಹಿಂಬದಿ ಎದ್ದಿತು, ಅವನು ಕೈ ಬಿಟ್ಟ. ಅಲೆ ನನ್ನನ್ನು ಎತ್ತಿಕೊಂಡು ಹೋಯಿತು. ನನ್ನ ತೋಳಿನ ಬಲ ಅದರ ವೇಗದ ಎದುರು ಲೆಕ್ಕಕ್ಕೇ ಇರಲಿಲ್ಲ.

ಇಲ್ಲಿ ಒಂದು ವಾದ ತಾನಾಗಿ ಹೊಳೆಯುತ್ತದೆ. ಬೆಟ್ಟದಲ್ಲಿ ಸಿಗುವುದು ಕೂಲಿ, ಕಡಲಿನಲ್ಲಿ ಸಿಗುವುದು ಕೊಡುಗೆ. ಸೈಕಲ್ ಸೇರಿ ಎಂಬತ್ತೈದು ಕಿಲೋ ಭಾರವನ್ನು ನೂರು ಮೀಟರ್ ಮೇಲೇರಿಸಿದರೆ ಸುಮಾರು ಎಂಬತ್ಮೂರು ಕಿಲೋಜೂಲ್ ಶಕ್ತಿ ಕೂಡಿಟ್ಟಂತಾಗುತ್ತದೆ. ಇಳಿಯುವಾಗ ಖರ್ಚಾಗುವುದು ಅದೇ. ಅಲೆಯ ಶಕ್ತಿಗೆ ನಾವು ಬೆವರು ಸುರಿಸಿಲ್ಲ. ಹಾಗಾದರೆ ಸೈಕಲ್ ನಮ್ಮ ದುಡಿಮೆಯ ಬದುಕನ್ನೇ ಬಿಡುವಿನಲ್ಲೂ ಮುಂದುವರಿಸುತ್ತದೆ, ಸರ್ಫಿಂಗ್ ಅದರಿಂದ ಬಿಡಿಸುತ್ತದೆ, ತೀರ್ಪು ಅಲ್ಲಿಗೆ ಮುಗಿಯಿತು ಎನ್ನಬಹುದು.

ಆದರೆ ಈ ವಾದ ಪರೀಕ್ಷೆಗೆ ನಿಲ್ಲುವುದಿಲ್ಲ. ಕೆನಡಾದ ವಿಸ್ಲರ್‌ನಂಥ ಕಡೆ ಬೇಸಿಗೆಯಲ್ಲಿ ಸ್ಕೀ ಲಿಫ್ಟಿನ ಮೇಲೆ ಸೈಕಲ್ ನೇತುಹಾಕಿ ಮೇಲಕ್ಕೆ ಸಾಗಿಸುತ್ತಾರೆ. ಸವಾರ ಏರದೆ ಇಳಿಯುತ್ತಾನೆ, ಇಳಿದು ಮತ್ತೆ ಸಾಲಿನಲ್ಲಿ ನಿಲ್ಲುತ್ತಾನೆ. ಕೂಲಿ ಮಾಡದೆ ಸಂಬಳ ಪಡೆದವನ ಸುಖ ಸಪ್ಪೆಯಾಗಬೇಕಿತ್ತಲ್ಲ, ಆಗುವುದಿಲ್ಲ. ಅಂದರೆ ಸೈಕಲ್ಲಿನ ಸುಖದ ತಿರುಳು ಏರಿದ ಶ್ರಮದಲ್ಲಿ ಇಲ್ಲ, ಆ ದಾರಿಯನ್ನು ಬಲ್ಲವನಾಗುವುದರಲ್ಲಿ ಇದೆ. ಈಗ ಅಲೆಯನ್ನೂ ಇದೇ ಪರೀಕ್ಷೆಗೆ ಒಡ್ಡೋಣ. ಹನ್ನೊಂದು ಸಲ ವಿಶ್ವ ಚಾಂಪಿಯನ್ ಆದ ಕೆಲ್ಲಿ ಸ್ಲೇಟರ್, ಕ್ಯಾಲಿಫೋರ್ನಿಯಾದ ಲೆಮೂರ್ ಎಂಬ ಒಳನಾಡಿನ ಊರಿನಲ್ಲಿ, ಕಡಲಿನಿಂದ ಸುಮಾರು ನೂರೈವತ್ತು ಕಿಲೋಮೀಟರ್ ದೂರದಲ್ಲಿ, ಯಂತ್ರದಿಂದ ಅಲೆ ಎಬ್ಬಿಸುವ ಕೊಳ ಕಟ್ಟಿಸಿ 2015ರ ಡಿಸೆಂಬರಿನಲ್ಲಿ ಜಗತ್ತಿಗೆ ತೋರಿಸಿದ. ಕುಂದೇ ಇಲ್ಲದ ಉದ್ದನೆಯ ಅಲೆ, ಬೇಕೆಂದಾಗ, ಎಷ್ಟು ಸಲ ಬೇಕಾದರೂ. 2018ರಲ್ಲಿ ವಿಶ್ವ ಸರಣಿಯ ಸ್ಪರ್ಧೆಯೂ ಅಲ್ಲಿ ನಡೆಯಿತು. ಅದನ್ನು ನೋಡುತ್ತ ಹೋದರೆ ಎರಡನೇ ಅಲೆ ಮೊದಲನೆಯದರ ಹಾಗೆ, ಮೂರನೆಯದು ಎರಡನೆಯದರ ಹಾಗೆ. ಸವಾರನ ಕೌಶಲ ಒಂದಿಷ್ಟೂ ಕಡಿಮೆಯಾಗಿಲ್ಲ, ಅಲೆ ಇನ್ನೂ ಚಂದವಾಗಿದೆ, ಆದರೂ ಆಟದ ಜೀವ ಎಲ್ಲೋ ಸೋರಿಹೋಗಿದೆ. ಬರುತ್ತದೋ ಇಲ್ಲವೋ ಎಂಬ ಮಾತು ಅಲ್ಲಿಲ್ಲ.

ಹೀಗಾಗಿ ವ್ಯತ್ಯಾಸ ಶ್ರಮದ್ದಲ್ಲ. ಬೆಟ್ಟದ ದಾರಿಯನ್ನು ಎಷ್ಟು ಸಲ ಬೇಕಾದರೂ ಕೇಳಬಹುದು, ಅದು ಅದೇ ಉತ್ತರ ಕೊಡುತ್ತದೆ. ಅಲೆ ಒಮ್ಮೆ ಮಾತ್ರ ಎದುರಾಗುತ್ತದೆ. ತತ್ವಜ್ಞಾನಿ ಸಾರ್ತ್ರ 1943ರ ತನ್ನ ದೊಡ್ಡ ಗ್ರಂಥದಲ್ಲಿ ಸ್ಕೀಯಿಂಗ್ ಬಗ್ಗೆ ಬರೆಯುತ್ತ, ಗುರುತು ಉಳಿಸದೆ ಜಾರುವುದೇ ಜಾರುವುದರ ಆದರ್ಶ, ಅದು ಸಾಧ್ಯವಾಗುವುದು ನೀರಿನ ಮೇಲೆ ಎಂದ. ಅವನ ಕಣ್ಣು ಹೋದದ್ದು ನಮ್ಮ ಹಿಂದೆ ಉಳಿಯುವ ಗೆರೆಯ ಕಡೆಗೆ. ನನಗೆ ಮುಖ್ಯವಾಗಿ ಕಾಣುವುದು ಮುಂದಿರುವುದು: ಎದುರಾದ ಅಲೆಯನ್ನು ಮೊದಲು ಯಾರೂ ಸವಾರಿ ಮಾಡಿಲ್ಲ, ನಾನು ಕೂಡ.

ಮತ್ತೆ ಮತ್ತೆ ಸಿಗುವ ದಾರಿ ಲೆಕ್ಕವನ್ನು ಕರೆದು ತರುತ್ತದೆ. ರೀಪ್ಯಾಕ್‌ನ ಗಡಿಯಾರ ಈಗ ಪ್ರತಿಯೊಬ್ಬ ಸವಾರನ ಹ್ಯಾಂಡಲಿನ ಮೇಲೆ ಕುಳಿತಿದೆ. ಸ್ಟ್ರಾವಾ ಎಂಬ ಆ್ಯಪ್ ಪ್ರತಿ ಇಳಿಜಾರನ್ನೂ ಹೋಳು ಮಾಡಿ, ಯಾರು ಎಷ್ಟನೆಯವರು ಎಂದು ಹೇಳುತ್ತದೆ. ಕಾಡಿನಿಂದ ಹೊರಬಂದವನು ಮೊದಲು ನೋಡುವುದು ಫೋನನ್ನು. ಇದನ್ನು ಸವಾರರ ದೋಷ ಎನ್ನಲಾರೆ. ಅಳೆಯಬಹುದಾದದ್ದನ್ನು ಅಳೆಯದೆ ಬಿಡುವುದು ಮನುಷ್ಯನಿಗೆ ಕಷ್ಟ. ಸರ್ಫಿಂಗ್ ಸ್ಪರ್ಧೆಯಲ್ಲೂ ಐವರು ತೀರ್ಪುಗಾರರು ಅಂಕ ಕೊಡುತ್ತಾರೆ, ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಟ್ಟು ಉಳಿದವುಗಳ ಸರಾಸರಿ ತೆಗೆಯುತ್ತಾರೆ. ಆ ಅಂಕಗಳ ಬಗ್ಗೆ ತಕರಾರು ತೀರುವುದೇ ಇಲ್ಲ, ಏಕೆಂದರೆ ಇಬ್ಬರಿಗೆ ಸಿಕ್ಕ ಅಲೆ ಒಂದೇ ಅಲ್ಲ. ಸ್ಪರ್ಧೆಗೆ ಇದೊಂದು ಕುಂದು. ಹವ್ಯಾಸಕ್ಕೆ ಇದೇ ದೊಡ್ಡ ಲಾಭ. ಹಗಲೆಲ್ಲ ಗುರಿ, ಗಡುವು, ಅಂಕಿಸಂಖ್ಯೆಗಳಲ್ಲಿ ಕಳೆಯುವ ನಮ್ಮ ಕಾಲದವರಿಗೆ ಯಾವ ಖಾತೆಯಲ್ಲೂ ಜಮಾ ಆಗದ ಹತ್ತು ಸೆಕೆಂಡುಗಳ ಸಂತೋಷ ಬೇಕಾಗಿದೆ ಎಂದು ನಾನು ನಂಬುತ್ತೇನೆ. ಸಿಕ್ಕಿದ್ದು ನಮ್ಮ ಹಕ್ಕಿನದಲ್ಲ ಎಂದು ತಿಳಿದೇ ಸಿಕ್ಕಿದ್ದಕ್ಕೆ ಹಿಗ್ಗುವುದನ್ನು ಕಲಿಸುವ ಆಟ ಹೆಚ್ಚು ಸಾರ್ಥಕ. ನಮ್ಮವರು ಋಣ ಎನ್ನುವಾಗ ಅದರಲ್ಲಿರುವ ಭಾವ ಇದೇ.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಸೈಕಲ್ ಸವಾರನಿಗೆ ನೆಲದ ಮೇಲೆ ಹೊಣೆ ಹುಟ್ಟುತ್ತದೆ. ಮರಿನ್‌ನಲ್ಲಿ ನಡೆದಾಡುವವರಿಗೂ ಸೈಕಲ್‌ನವರಿಗೂ ಜಗಳವಾಗಿ, ಇಕ್ಕಟ್ಟಿನ ಕಾಲುದಾರಿಗಳು ಸೈಕಲ್ಲಿಗೆ ಮುಚ್ಚಿಹೋದವು. ಅಂಥ ಜಗಳಗಳಿಂದಲೇ 1988ರಲ್ಲಿ ಅಂತರರಾಷ್ಟ್ರೀಯ ಮೌಂಟನ್ ಬೈಸಿಕ್ಲಿಂಗ್ ಸಂಘ ಹುಟ್ಟಿತು. ಸವಾರರು ಗುದ್ದಲಿ ಹಿಡಿದು ದಾರಿಯ ಮೇಲೆ ನೀರು ನಿಲ್ಲದಂತೆ ಓರೆ ಕೊಟ್ಟು, ಕೊರಕಲು ಮುಚ್ಚಿ, ತಮ್ಮ ಚಕ್ರ ಮಾಡಿದ ಗಾಯವನ್ನು ತಾವೇ ತುಂಬುವುದನ್ನು ಕಲಿತರು. ಸರ್ಫರ್ ಏನು ಕೊಡುತ್ತಾನೆ? ಅಲೆಯನ್ನು ತೆಗೆದುಕೊಳ್ಳುತ್ತಾನೆ, ದಡಕ್ಕೆ ಬರುತ್ತಾನೆ.

ನಾನು ಇದಕ್ಕೆ ಕೊಡುವ ಉತ್ತರ ಸ್ಪೇನಿನ ಬಾಸ್ಕ್ ಕರಾವಳಿಯ ಮುಂಡಾಕಾದ್ದು. ಓಕಾ ನದಿ ಕಡಲು ಸೇರುವ ಅಳಿವೆಯಲ್ಲಿ ಮರಳ ದಿಬ್ಬವೊಂದರ ಮೇಲೆ ಎಡಕ್ಕೆ ಸಾಗುವ, ಯುರೋಪಿನ ಅತಿ ಹೆಸರಾದ ಅಲೆಗಳಲ್ಲೊಂದು ಮುರಿಯುತ್ತಿತ್ತು. ಹೂಳೆತ್ತಿ ಮರಳನ್ನು ಬೇರೆಡೆಗೆ ಸಾಗಿಸಿದ ಮೇಲೆ ದಿಬ್ಬ ಕೆಟ್ಟಿತು, ಅಲೆ ಕಾಣೆಯಾಯಿತು, 2005ರ ವಿಶ್ವ ಸರಣಿಯ ಸ್ಪರ್ಧೆ ರದ್ದಾಯಿತು. ಮರಳು ಮೆಲ್ಲಗೆ ತಿರುಗಿ ಕೂಡಿಕೊಂಡಾಗ ಅಲೆಯೂ ತಿರುಗಿ ಬಂತು. ಅಲೆ ಎಂಬುದು ದೂರದ ಬಿರುಗಾಳಿ ಒಂದೇ ಕಟ್ಟಿದ್ದಲ್ಲ, ಹತ್ತಿರದ ನದಿ ತಂದು ಹಾಕಿದ ಮರಳೂ ಅದನ್ನು ಕಟ್ಟಿದೆ ಎಂದು ಅಲ್ಲಿನವರಿಗೆ ತಿಳಿಯಿತು. ಸಸಿಹಿತ್ಲುವಿನಲ್ಲಿ ಶಾಂಭವಿ, ನಂದಿನಿ ನದಿಗಳೆರಡೂ ಕಡಲು ಸೇರುವ ಅಳಿವೆಯೂ ಅಂಥದೇ. ಅಲ್ಲಿ ಮರಳು ತೆಗೆದರೂ, ಕಡಲ್ಕೊರೆತಕ್ಕೆ ಕಲ್ಲು ಸುರಿದರೂ, ತಡೆಗೋಡೆ ಕಟ್ಟಿದರೂ ಅಲೆ ಬದಲಾಗುತ್ತದೆ. ಸೈಕಲ್ ಸವಾರ ತನ್ನ ದಾರಿಯನ್ನು ತಾನೇ ದುರಸ್ತಿ ಮಾಡಬಹುದು, ಸರ್ಫರನಿಗೆ ಆ ಅನುಕೂಲವಿಲ್ಲ. ಅವನ ಕಾಳಜಿ ನದಿ, ಮರಳು, ಮೀನುಗಾರರು, ಸರ್ಕಾರ ಎಲ್ಲವನ್ನೂ ಸುತ್ತಿ ಹೋಗಬೇಕು. ಈ ಹೊಣೆ ಹೆಚ್ಚು ಕಷ್ಟದ್ದು, ಹೆಚ್ಚು ವಿಶಾಲವಾದದ್ದು.

ಇನ್ನೊಂದು ಮಾತನ್ನೂ ಕೇಳಿದ್ದೇನೆ: ಅನಿಶ್ಚಯವನ್ನು ಹೊಗಳುವುದು ತಿಂಗಳ ಸಂಬಳದವರ ಶೋಕಿ, ಮಳೆಯನ್ನೂ ಕಡಲನ್ನೂ ನಂಬಿ ಬದುಕುವವರಿಗೆ ಆಟದಲ್ಲಾದರೂ ಭರವಸೆ ಬೇಕು. ಇದು ನನ್ನನ್ನು ಬಹಳ ಯೋಚನೆಗೆ ಹಚ್ಚಿದೆ. ಆದರೆ ನಮ್ಮ ಕರಾವಳಿಯಲ್ಲಿ ಬೋರ್ಡು ಹಿಡಿದವರಲ್ಲಿ ಮೀನುಗಾರರ ಮನೆಯ ಮಕ್ಕಳೂ ಇದ್ದಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ ಹೊತ್ತಿನ ಕಡಲಿನ ಸಿಟ್ಟು ಅವರಿಗೆ ಯಾರೂ ಹೇಳಿಕೊಡಬೇಕಾದ್ದಲ್ಲ. ದುಡಿಮೆಯಲ್ಲಿ ತಪ್ಪಿಸಿಕೊಳ್ಳಬೇಕಾದ ಅಲೆಯನ್ನೇ ಅವರು ಆಟದಲ್ಲಿ ಹುಡುಕಿಕೊಂಡು ಹೋಗುತ್ತಾರೆ. ಭರವಸೆ ಸಿಗದ ಕಡೆಯಲ್ಲೂ ಸಂತೋಷ ಇದೆ ಎಂದು ಅವರನ್ನು ನೋಡಿ ನಂಬಿದ್ದೇನೆ.

ತುಮಕೂರಿನಲ್ಲೋ ಕಲಬುರಗಿಯಲ್ಲೋ ಇರುವ ಹದಿನಾರರ ಹುಡುಗಿಯೊಬ್ಬಳು ನನ್ನನ್ನು ಕೇಳಿದರೆ ಮೊದಲು ಸೈಕಲ್ಲನ್ನೇ ಹೇಳುತ್ತೇನೆ. ಅದು ಮನೆ ಬಾಗಿಲಿನಿಂದ ಹೊರಡುತ್ತದೆ, ಹತ್ತಿರದ ಗುಡ್ಡವೇ ಸಾಕು, ಕಲಿತದ್ದು ಕೈಬಿಡುವುದಿಲ್ಲ. ಆದರೆ ಮೂಲ್ಕಿಗೆ ಹೋಗುವ ಅವಕಾಶ ಸಿಕ್ಕರೆ ಒಂದು ಬೆಳಗಿನ ಪಾಠಕ್ಕೆಂದು ಹೋಗಬೇಡ, ಒಂದು ವಾರ ಇಟ್ಟುಕೊಂಡು ಹೋಗು ಎನ್ನುತ್ತೇನೆ. ಮೊದಲ ಎರಡು ದಿನ ಕಡಲು ಏನನ್ನೂ ಕೊಡದಿರಬಹುದು.