ಸಹದೇವಿಯ ಲಕ್ಷಣ

ವಸ್ತುವನ್ನು ಉಳಿದೆಲ್ಲದರಿಂದ ಬೇರ್ಪಡಿಸಿ ತೋರಿಸುವ ಧರ್ಮವನ್ನು ನ್ಯಾಯಶಾಸ್ತ್ರ ಲಕ್ಷಣ ಎನ್ನುತ್ತದೆ. ಅದಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳುಂಟು. ಮೂರಕ್ಕೂ ಕ್ರಮವಾಗಿ ಪಾಠಶಾಲೆಯ ಉದಾಹರಣೆ ಹಸು: ಕಪಿಲವರ್ಣ ಎಂದರೆ ಬಿಳಿ ಹಸು ಹೊರಗುಳಿಯುತ್ತದೆ, ಕೋಡು ಎಂದರೆ ಎಮ್ಮೆಯೂ ಒಳಬರುತ್ತದೆ, ಒಂಟಿಗೊರಸು ಎಂದರೆ ಯಾವ ಹಸುವೂ ಸಿಗದು. ಯಾದಗಿರಿ, ಶಹಾಪುರ, ಸುರಪುರದ ಹೊಲದ ಬದುಗಳಲ್ಲಿ ಇದೇ ಪಾಠಕ್ಕೆ ಇನ್ನೂ ಒಳ್ಳೆಯ ಉದಾಹರಣೆಯಿದೆ: ಸಹದೇವಿ.

ಸಹದೇವಿ ಸೇವಂತಿಗೆಯ ಕುಟುಂಬದ ಗಿಡ. ಈ ಕುಟುಂಬಕ್ಕೆ ‘ಹಲವು ಎಸಳಿನ ಒಂದು ಹೂವು’ ಎಂಬ ಲಕ್ಷಣ ಹೇಳಿದರೆ ಅಸಂಭವ. ಕಣ್ಣಿಗೆ ಒಂದೇ ಹೂವಾಗಿ ಕಾಣುವುದು ಪುಟ್ಟ ಹೂಗಳ ಗುಂಪು, ಸೂರ್ಯಕಾಂತಿಯ ಒಂದೊಂದು ಎಸಳೂ ಒಂದೊಂದು ಹೂವು. ‘ಸುತ್ತಲೂ ಎಸಳಿರಬೇಕು’ ಎಂದರೆ ಅವ್ಯಾಪ್ತಿ. ಸಹದೇವಿಯ ಗೊಂಡೆಯಲ್ಲಿರುವ ಸುಮಾರು 20 ಹೂಗಳೂ ಬರೀ ನಳಿಗೆಗಳು. ‘ಸಣ್ಣ ನೇರಳೆ ಗೊಂಡೆ’ ಎಂದರೆ ಅತಿವ್ಯಾಪ್ತಿ. ಅಮೆರಿಕ ಮೂಲದ ಅಜೆರಾಟಮ್ ಕಳೆಯ ಗೊಂಡೆಯೂ ಹೆಚ್ಚುಕಡಿಮೆ ಹಾಗೆಯೇ. ಆಗ ಎಲೆ ನೋಡಬೇಕು. ಅಜೆರಾಟಮ್‌ನ ಎಲೆಗಳು ಎದುರುಬದುರು ಜೋಡಿಯಾಗಿ ಬರುತ್ತವೆ, ಸಹದೇವಿಯವು ಒಂದು ಈ ಕಡೆ ಒಂದು ಆ ಕಡೆ. ಸಹದೇವಿಯ ಬೀಜಕ್ಕೆ ಬಿಳಿ ಕೂದಲಿನ ಕುಚ್ಚು ಇರುತ್ತದೆ, ಅಜೆರಾಟಮ್ ಬೀಜದ ತುದಿಗೆ 5 ಚೂಪು ಹುರುಪೆ.

ಸಹದೇವಿಯ ‘ದೇಶೀಯ’ ಎಂಬ ಗುಣ ಮಾತ್ರ ಎಲೆಯಲ್ಲೂ ಕಾಣದು, ಬೀಜದಲ್ಲೂ ಕಾಣದು. ಗಾಯಕ್ಕೆ ರಸ ಹಿಂಡುವ ಟ್ರೈಡ್ಯಾಕ್ಸ್ ಗಿಡ ಅದೇ ಬದುಗಳಲ್ಲಿ ಸಹದೇವಿಯ ಪಕ್ಕದಲ್ಲೇ ಬೆಳೆಯುತ್ತದೆ, ಅದೂ ಅಮೆರಿಕದ್ದು. ವೇದಾಂತದಲ್ಲಿ ವಸ್ತುವಿನೊಳಗೇ ಇರುವ ಸ್ವರೂಪಲಕ್ಷಣ ಬೇರೆ, ಹೊರಗಿಂದ ಗುರುತು ಹಚ್ಚುವ ತಟಸ್ಥಲಕ್ಷಣ ಬೇರೆ. ಕಾಗೆ ಕೂತಿರುವುದೇ ದೇವದತ್ತನ ಮನೆ ಎಂದು ತೋರಿಸಬಹುದು, ಆದರೆ ಕಾಗೆ ಮನೆಯ ಭಾಗವಲ್ಲ. ದೇಶೀಯತೆಯೂ ಅಂಥದೇ: ಅದು ಗಿಡದ ಚರಿತ್ರೆ, ಗಿಡದ ರೂಪವಲ್ಲ.

ಗುರುತು ಬೇರೆ, ಸ್ವರೂಪ ಬೇರೆ ಎಂಬ ಈ ಭೇದವನ್ನೇ ಸುರಪುರ ಸೀಮೆಯ ಮುದನೂರಿನ ವಚನಕಾರ ದೇವರ ದಾಸಿಮಯ್ಯ ಮನುಷ್ಯರಿಗೆ ಅನ್ವಯಿಸಿದ್ದಾನೆ. ಹೆಣ್ಣು, ಗಂಡು ಎಂಬುದು ಮೈಯ ಕುರುಹಿನಿಂದ ಬಂದ ಮಾತು, ಆತ್ಮಕ್ಕೆ ಸಲ್ಲದು ಎಂಬುದು ಅವನ ನಿಲುವು. ಕುರುಹು ಇಲ್ಲದೆ ಯಾವುದನ್ನೂ ಗುರುತಿಸಲಾಗದು ಎಂದು ನೈಯಾಯಿಕ ಆಕ್ಷೇಪಿಸಬಹುದು. ಆದರೆ ದಾಸಿಮಯ್ಯ ಕುರುಹು ಸುಳ್ಳೆಂದಿಲ್ಲ; ಅದು ಎಲ್ಲಿಯವರೆಗೆ ಸಲ್ಲುತ್ತದೆ ಎಂದಷ್ಟೇ ಹೇಳಿದ್ದಾನೆ. ವಾದದಲ್ಲಿ ಅವನ ಕೈಯೇ ಮೇಲು.

ಸಸ್ಯಶಾಸ್ತ್ರದ ಹೆಸರುಗಳೂ ಕುರುಹುಗಳೇ, ಅವಕ್ಕೂ ಈ ಮಿತಿಯಿದೆ: ಗಿಡ ಅದೇ ಇದ್ದರೂ ಹೆಸರು ಬದಲಾಗುತ್ತದೆ. ಸಹದೇವಿಯನ್ನು 1753ರಲ್ಲಿ ಲಿನೇಯಸ್ ಕೋನೈಜಾ ಕುಲಕ್ಕೆ ಸೇರಿಸಿದ, 1829ರಲ್ಲಿ ಅದು ವರ್ನೋನಿಯಾ ಆಯಿತು, 1990ರಲ್ಲಿ ಸಯಾಂಥಿಲಿಯಮ್. ಈಗ ಚಾಲ್ತಿಯಲ್ಲಿರುವುದು ಸಯಾಂಥಿಲಿಯಮ್ ಸಿನೇರಿಯಮ್ ಎಂಬ ಹೆಸರು.