ಅಚ್ಚಿನ ಮನೆ ಯಾರ ಸ್ವತ್ತು?

ಅಹಮದಾಬಾದಿನ ಮನೆಬಾಗಿಲಿಗೆ ಬೆಳಗಿನ ಚಹಾಕ್ಕೂ ಮೊದಲೇ ಬಂದು ಬೀಳುವ ಗುಜರಾತಿ ಪತ್ರಿಕೆಗಳಲ್ಲಿ ದೊಡ್ಡವು ಮೂರು. 1923ರಲ್ಲಿ ಹುಟ್ಟಿದ ‘ಸಂದೇಶ್’ ಇಂದು ಷೇರುಪೇಟೆಯಲ್ಲಿರುವ ಕಂಪನಿ; ಅದರ ವಾರ್ಷಿಕ ವರದಿಯಲ್ಲಿ ಪತ್ರಿಕೆಯ ಲೆಕ್ಕದ ಪಕ್ಕದಲ್ಲೇ ಹಣಕಾಸು ವ್ಯವಹಾರದ ಲೆಕ್ಕವೂ ಇರುತ್ತದೆ. 1932ರ ‘ಗುಜರಾತ್ ಸಮಾಚಾರ್’ ಲೋಕ್ ಪ್ರಕಾಶನ್ ಸಂಸ್ಥೆಯದು, ಅದರ ಬೆನ್ನಿಗೆ ಟಿ.ವಿ. ವಾಹಿನಿಯೂ ಇದೆ. ಭೋಪಾಲದ ಭಾಸ್ಕರ್ ಬಳಗ 2003ರಲ್ಲಿ ಮನೆಮನೆಗೆ ಜನರನ್ನು ಕಳಿಸಿ, ಓದುಗರಿಗೆ ಏನು ಬೇಕೆಂದು ಕೇಳಿಸಿ, ‘ದಿವ್ಯ ಭಾಸ್ಕರ್’ ತಂದಿತು. ಆ ಬಳಗಕ್ಕೆ ಹಿಂದಿ, ಮರಾಠಿ ಪತ್ರಿಕೆಗಳೂ ಎಫ್‌ಎಂ ರೇಡಿಯೊ ಕೂಡ ಇವೆ. ಮೂರಕ್ಕೂ ವಡೋದರಾ, ಸೂರತ್ ಆವೃತ್ತಿಗಳುಂಟು. ಸೂರತ್ತಿನವರಿಗಂತೂ 1863ರಿಂದ ಬಂದ ‘ಗುಜರಾತ್‌ಮಿತ್ರ’ ಊರಿನದೇ ಪತ್ರಿಕೆ.

ಯಂತ್ರ, ನಿವೇಶನ, ಕಟ್ಟಡ ಎಲ್ಲಕ್ಕೂ ಲೆಕ್ಕಪತ್ರದಲ್ಲಿ ಬೆಲೆ ಇರುತ್ತದೆ. ಅಚ್ಚಾದದ್ದು ನಿಜವೆಂದು ನಂಬುವ ಓದುಗನ ವಿಶ್ವಾಸ ಮಾತ್ರ ಆ ಪಟ್ಟಿಯಲ್ಲಿರುವುದಿಲ್ಲ. ಅದಿಲ್ಲದಿದ್ದರೆ ಉಳಿದ ಯಾವುದಕ್ಕೂ ಬೆಲೆಯಿಲ್ಲ. ಹಾಗಾದರೆ ಮಾಲೀಕ ಯಾವುದಕ್ಕೆ ಮಾಲೀಕ?

ಒಡೆತನದ ಬಗ್ಗೆ ಅಹಮದಾಬಾದು ಹಿಂದಿನಿಂದಲೂ ಆಳವಾಗಿ ಯೋಚಿಸಿದ ಊರು. ಪಾಲಿತಾಣಾದ ಶತ್ರುಂಜಯ ಬೆಟ್ಟದ ಜೈನ ದೇಗುಲಗಳನ್ನು ನೋಡಿಕೊಳ್ಳುವ ಆನಂದಜಿ ಕಲ್ಯಾಣಜಿ ಪೇಢಿ ಎಂಬ ಸಂಸ್ಥೆಯ ಕೇಂದ್ರ ಇಲ್ಲೇ ಇದೆ. ಹೆಸರು ಕೇಳಿದರೆ ಯಾರೋ ಇಬ್ಬರು ಶೇಠರ ಅಂಗಡಿ ಅನ್ನಿಸುತ್ತದೆ. ಅಂಥ ಶೇಠರು ಇರಲೇ ಇಲ್ಲ. ಆನಂದ, ಕಲ್ಯಾಣ ಎಂಬ ಎರಡು ಶುಭಶಬ್ದಗಳಿಗೆ ‘ಜಿ’ ಸೇರಿಸಿ ಆಡಳಿತಕ್ಕೊಂದು ಹೆಸರು ಕೊಟ್ಟರು, ಅಷ್ಟೆ. ಅಲ್ಲಿ ದೇವರಿಗೆಂದು ಬಂದ ಹಣ ದೇವದ್ರವ್ಯ. ಅದನ್ನು ಎಣಿಸುವವರು, ಕಾಯುವವರು, ಸರಿಯಾದ ಕಡೆ ಖರ್ಚು ಮಾಡುವವರು ಇದ್ದಾರೆ. ತಮ್ಮದೆಂದು ಮುಟ್ಟುವ ಹಕ್ಕು ಅವರಲ್ಲಿ ಒಬ್ಬರಿಗೂ ಇಲ್ಲ.

ಗಾಂಧೀಜಿ ಇದೇ ಗುಜರಾತಿನ ನೆಲದಲ್ಲಿ ಬೆಳೆದ ವಣಿಕರ ಮಗ. ಗೀತೆಯ ಅಪರಿಗ್ರಹ ಅವರನ್ನು ದಕ್ಷಿಣ ಆಫ್ರಿಕದಲ್ಲೇ ಕಾಡಿತ್ತು. ಇರುವುದನ್ನೆಲ್ಲ ಬಿಟ್ಟುಬಿಡುವುದೇ ಅಪರಿಗ್ರಹವೇ ಎಂಬ ಪ್ರಶ್ನೆಗೆ, ವಕೀಲಿಗಾಗಿ ಓದಿದ್ದ ಇಂಗ್ಲಿಷ್ ಕಾನೂನಿನ ‘ಟ್ರಸ್ಟಿ’ಯಲ್ಲಿ ಬೆಳಕು ಕಂಡಿತೆಂದು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಟ್ರಸ್ಟಿಯ ಕೈಯಲ್ಲಿ ಕೋಟಿ ಇರಬಹುದು, ಒಂದು ಕಾಸೂ ತನ್ನದಲ್ಲ. ಈ ವಿಚಾರವನ್ನು ಅವರು ಮೊದಲು ಪ್ರಯೋಗಿಸಿದ ಜಾಗಗಳಲ್ಲಿ ಅಚ್ಚಿನ ಮನೆಯೂ ಒಂದು. 1903ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಶುರುವಾದ ‘ಇಂಡಿಯನ್ ಒಪಿನಿಯನ್’ ಪತ್ರಿಕೆ ಮೊದಮೊದಲು ಜಾಹೀರಾತು ತೆಗೆದುಕೊಳ್ಳುತ್ತಿತ್ತು. ಜಾಹೀರಾತಿಗಾಗಿ ಒಳ್ಳೆಯ ಕೆಲಸಗಾರರು ಅಂಗಡಿ ಅಂಗಡಿ ಅಲೆಯಬೇಕಾಗಿದ್ದನ್ನು ಕಂಡು ಅದನ್ನು ನಿಲ್ಲಿಸಿದರು. 1919ರ ಸೆಪ್ಟೆಂಬರಿನಲ್ಲಿ ಅಹಮದಾಬಾದಿನಿಂದ ಹೊರಟ ‘ನವಜೀವನ’ ವಾರಪತ್ರಿಕೆಗೂ ಇದೇ ವ್ರತ. 1929ರ ನವೆಂಬರಿನಲ್ಲಿ ನವಜೀವನ ಸಂಸ್ಥೆ ಟ್ರಸ್ಟ್ ಆಯಿತು, ವಲ್ಲಭಭಾಯಿ ಪಟೇಲರು ಅಧ್ಯಕ್ಷರು. ಮರುವರ್ಷವೇ ಸರ್ಕಾರ ಮುದ್ರಣಾಲಯವನ್ನು ವಶಪಡಿಸಿಕೊಂಡಿತು. ಗಾಂಧೀಜಿಯ ಇಂಗ್ಲಿಷ್ ವಾರಪತ್ರಿಕೆ ‘ಯಂಗ್ ಇಂಡಿಯಾ’ ಸೈಕ್ಲೊಸ್ಟೈಲ್ ಹಾಳೆಗಳಾಗಿ ಓದುಗರ ಕೈಸೇರಿತು. ಯಂತ್ರ ಹೋದರೂ ಪತ್ರಿಕೆ ಹೋಗಲಿಲ್ಲ.

ಆ ಬಳಗದಲ್ಲಿದ್ದ ಕಾಕಾ ಕಾಲೇಲ್ಕರ್ ಕನ್ನಡಿಗರಿಗೆ ದೂರದವರಲ್ಲ. ಬಾಲ್ಯದಲ್ಲಿ ಕಾರವಾರ, ಬೆಳಗಾವಿಗಳನ್ನು ಕಂಡವರು ವಡೋದರೆಯ ಗಂಗಾನಾಥ ವಿದ್ಯಾಲಯದಲ್ಲಿ ಪಾಠ ಹೇಳಿ, ಸಾಬರಮತಿ ಸೇರಿ, ಗಾಂಧೀಜಿ ಸೆರೆಯಲ್ಲಿದ್ದಾಗ ‘ನವಜೀವನ’ವನ್ನು ನಡೆಸಿದರು.

ಟ್ರಸ್ಟ್ ಎಂದು ಬರೆದುಕೊಂಡರೆ ಧರ್ಮ ಉಳಿಯುತ್ತದೆಯೇ? ಈ ಪ್ರಶ್ನೆ ನಮ್ಮ ಹುಬ್ಬಳ್ಳಿಯಿಂದಲೇ ಸುಪ್ರೀಂ ಕೋರ್ಟಿಗೆ ಹೋಗಿತ್ತು. ‘ಸಂಯುಕ್ತ ಕರ್ನಾಟಕ’, ‘ಕರ್ಮವೀರ’, ‘ಕಸ್ತೂರಿ’ಗಳನ್ನು ಹೊರತರುವ ಲೋಕಶಿಕ್ಷಣ ಟ್ರಸ್ಟ್, ಜನರಿಗೆ ತಿಳಿವಳಿಕೆ ಕೊಡುವುದು ಶಿಕ್ಷಣವೇ, ಆದ್ದರಿಂದ ತೆರಿಗೆ ವಿನಾಯಿತಿ ಬೇಕು ಎಂದು ವಾದಿಸಿತು. 1975ರಲ್ಲಿ ನ್ಯಾಯಾಲಯ ಒಪ್ಪಲಿಲ್ಲ: ಲಾಭ ಬರುವಂತೆ ನಡೆಯುವ ಪತ್ರಿಕೆ ಕಾನೂನಿನ ಅರ್ಥದ ಧರ್ಮಕಾರ್ಯವಾಗದು. ತೆರಿಗೆಯ ಮಟ್ಟಿಗೆ ತೀರ್ಪು ಸರಿಯೇ ಇರಬಹುದು. ಆದರೆ ಅದು ಇನ್ನೊಂದನ್ನೂ ತೋರಿಸಿತು. ಪತ್ರಿಕೆಯ ಧರ್ಮವನ್ನು ನೋಂದಣಿ ಪತ್ರದಲ್ಲಿ ಹುಡುಕಿದರೆ ಸಿಗುವುದಿಲ್ಲ.

ಜೈನ ಶಾಸ್ತ್ರ ಈ ಗಂಟನ್ನು ಬಿಡಿಸಿ ಬಹಳ ಕಾಲವಾಗಿದೆ. ಉಮಾಸ್ವಾತಿಯ ‘ತತ್ವಾರ್ಥಸೂತ್ರ’ ಪರಿಗ್ರಹವನ್ನು ವಸ್ತುವಿನಲ್ಲಿ ಕಾಣುವುದಿಲ್ಲ, ವಸ್ತುವಿನ ಮೇಲಿನ ಮೋಹದಲ್ಲಿ ಕಾಣುತ್ತದೆ. ಏನೂ ಇಲ್ಲದವನಿಗೂ ಮೋಹ ಇರಬಹುದು, ಎಲ್ಲ ಇದ್ದವನೂ ಅದನ್ನು ಬಿಟ್ಟಿರಬಹುದು. ಪತ್ರಿಕೆಯ ಒಡೆಯನ ಮೋಹ ಹೊರಬೀಳುವುದು ನಿಜ ಹೇಳಿದರೆ ನಷ್ಟವಾಗುವ ದಿನ.

ಅಂಥ ದಿನಗಳು ಏಪ್ರಿಲ್ 2021ರಲ್ಲಿ ಬಂದವು. ಕೋವಿಡ್ ಸಾವಿನ ಸರ್ಕಾರಿ ಲೆಕ್ಕ ನಂಬುವಂತಿರಲಿಲ್ಲ. ‘ಸಂದೇಶ್’ ವರದಿಗಾರರು ಅಹಮದಾಬಾದಿನ 1200 ಹಾಸಿಗೆಗಳ ಕೋವಿಡ್ ಆಸ್ಪತ್ರೆಯ ಶವಾಗಾರದ ಹೊರಗೆ ಕಾದು ಕುಳಿತು, ಇದ್ದ ಒಂದೇ ಬಾಗಿಲಿನಿಂದ ಆಂಬುಲೆನ್ಸಿಗೆ ಏರಿದ ಶವಗಳನ್ನು ಒಂದೊಂದಾಗಿ ಎಣಿಸಿದರು: 69. ಮರುದಿನದ ಸರ್ಕಾರಿ ಪ್ರಕಟಣೆಯಲ್ಲಿ ಇಡೀ ನಗರದ ಸಾವು 20. ಬಳಿಕ ಒಂದು ರಾತ್ರಿ ನಗರದ 21 ಸ್ಮಶಾನಗಳನ್ನು ಸುತ್ತಿ ಎಣಿಸಿದರು, 200ಕ್ಕೂ ಮಿಕ್ಕಿತು. ಸೂರತ್ತಿನಲ್ಲಿ ಚಿತಾಗಾರದ ಕುಲುಮೆಗಳು ಬಿಡುವಿಲ್ಲದೆ ಉರಿದು ಕಬ್ಬಿಣದ ಭಾಗಗಳೇ ಕರಗತೊಡಗಿದ್ದವು. ಮೇ ತಿಂಗಳಲ್ಲಿ ‘ದಿವ್ಯ ಭಾಸ್ಕರ್’ ಮರಣ ಪ್ರಮಾಣಪತ್ರಗಳನ್ನು ಲೆಕ್ಕ ಹಾಕಿತು: ಮಾರ್ಚ್ 1ರಿಂದ ಮೇ 10ರವರೆಗೆ ಗುಜರಾತಿನಲ್ಲಿ 1.23 ಲಕ್ಷ, ಹಿಂದಿನ ವರ್ಷ ಅದೇ ಅವಧಿಯಲ್ಲಿ ಸುಮಾರು 58 ಸಾವಿರ. ಜುಲೈನಲ್ಲಿ ಭಾಸ್ಕರ್ ಬಳಗದ ಕಚೇರಿಗಳ ಮೇಲೆ ಆದಾಯ ತೆರಿಗೆ ದಾಳಿ ನಡೆಯಿತು. ತೆರಿಗೆ ವಂಚನೆಯ ತನಿಖೆ ಎಂದಿತು ಇಲಾಖೆ. ವರದಿಗಳಿಗೆ ಸಿಕ್ಕ ಉತ್ತರ ಎಂದಿತು ಪತ್ರಿಕೆ.

ಇವು ಲಾಭಕ್ಕಾಗಿ ನಡೆಯುವ, ಪುಟ ತುಂಬ ಜಾಹೀರಾತು ಹಾಕುವ ಕಂಪನಿಗಳೇ. ಆ ವಾರಗಳಲ್ಲಿ ಅವು ಸತ್ತವರ ಲೆಕ್ಕವನ್ನು ದೇವದ್ರವ್ಯದಂತೆ ಕಾಯ್ದವು. ಸತ್ತವನು ಸತ್ತನೆಂದು ಊರಿಗೆ ಹೇಳುವುದು ಅಂತ್ಯಕ್ರಿಯೆಯಷ್ಟೇ ಪವಿತ್ರವಾದ ಕೆಲಸ. ಅದನ್ನು ಮಾಡಿದವರಿಗೆ ಗೌರವ ಸಲ್ಲಲೇಬೇಕು.

ಆದರೂ ಜಾಹೀರಾತಿನ ಬಗೆಗಿನ ಗಾಂಧೀಜಿಯ ಆತಂಕ ಹಾಗೆಯೇ ಉಳಿಯುತ್ತದೆ. ಓದುಗ ಕೊಡುವ ಬೆಲೆಯಲ್ಲಿ ದೊಡ್ಡ ಪತ್ರಿಕೆಯೊಂದು ಕಾಗದದ ಖರ್ಚನ್ನೂ ಹುಟ್ಟಿಸಿಕೊಳ್ಳುವುದು ಕಷ್ಟ. ಉಳಿದದ್ದನ್ನು ತುಂಬುವವರು ಬಿಲ್ಡರು, ಆಭರಣದಂಗಡಿ, ಕೋಚಿಂಗ್ ಕ್ಲಾಸು, ಜೊತೆಗೆ ಸರ್ಕಾರ. ಆಪತ್ತಿನಲ್ಲಿ ತೋರಿದ ಧೈರ್ಯವನ್ನು ಸಾಮಾನ್ಯ ದಿನಗಳಲ್ಲೂ ತೋರಲು ಈ ಲೆಕ್ಕ ಬಿಡುತ್ತದೆಯೇ ಎಂಬುದನ್ನು ವಡೋದರೆಯ ಓದುಗನೂ ಬೆಂಗಳೂರಿನ ಓದುಗನೂ ಒಂದೇ ಕಾಳಜಿಯಿಂದ ಕೇಳಬೇಕಾಗಿದೆ. ಎರಡು ರೂಪಾಯಿ ಹೆಚ್ಚು ಕೊಡಲು ತಾನು ತಯಾರೇ ಎಂದೂ ಕೇಳಿಕೊಳ್ಳಬೇಕಾಗಿದೆ.

ಗಾಂಧೀಜಿ ತಮ್ಮ ಬರಹಗಳ ಹಕ್ಕನ್ನು ನವಜೀವನ ಟ್ರಸ್ಟಿಗೆ ಬಿಟ್ಟುಹೋದರು. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಕನ್ನಡಕ್ಕೆ ತಂದ ಅವರ ಆತ್ಮಕಥೆಯನ್ನೂ ಇದೇ ಸಂಸ್ಥೆ ಅಚ್ಚು ಹಾಕಿಸಿ ಅಗ್ಗಕ್ಕೆ ಹಂಚಿತು. ಕಾನೂನಿನ ಪ್ರಕಾರ ಗಾಂಧೀಜಿ ತೀರಿಕೊಂಡ ಮೇಲಿನ 60 ವರ್ಷ ತುಂಬಿ ಅವರ ಬರಹಗಳ ಹಕ್ಕು 2009ರ ಜನವರಿ 1ರಂದು ಮುಗಿಯಬೇಕಿತ್ತು. ಅವಧಿ ವಿಸ್ತರಿಸಿ ಎಂದು ಟ್ರಸ್ಟ್ ಯಾರನ್ನೂ ಕೇಳಲಿಲ್ಲ. ಅಂದಿನಿಂದ ಆ ಬರಹಗಳನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು, ನವಜೀವನವೂ ಹಾಕುತ್ತಲೇ ಇದೆ.