ಕಾಯುವ ದಿನಗಳಲ್ಲಿ ಆಂಜನೇಯ



ಕಾಯಿಲೆ ಇದೆ ಎಂದು ಗೊತ್ತಾದವರಿಗೆ ಹೇಳಲು ನಮ್ಮಲ್ಲಿ ಸಮಾಧಾನದ ಮಾತು ಬೇಕಾದಷ್ಟಿದೆ. ಇದೆಯೋ ಇಲ್ಲವೋ ತಿಳಿಯದೆ ಕಾಯುತ್ತಿರುವವರಿಗೆ ಏನು ಹೇಳೋಣ? ಕೈ ಜೋಮು ಹಿಡಿದು ವಾರವಾದರೂ ಬಿಡದು, ಒಂದು ಕಣ್ಣು ಮಂಜಾಗುತ್ತದೆ. ಎಂ.ಆರ್.ಐ. ನೋಡಿದ ಡಾಕ್ಟರು, "ಮಲ್ಟಿಪಲ್ ಸ್ಕ್ಲೆರೋಸಿಸ್ ಇರಬಹುದು, ಇಲ್ಲದೆಯೂ ಇರಬಹುದು, ಕೆಲವು ತಿಂಗಳು ಬಿಟ್ಟು ಮತ್ತೆ ನೋಡೋಣ" ಎನ್ನುತ್ತಾರೆ. ಅಮೆರಿಕದಲ್ಲಿರುವ ನಮ್ಮ ಮನೆಗಳಿಗೂ ಈ ಮಾತು ಬರುತ್ತದೆ. ಊರಿನಲ್ಲಿ ಈ ಹೆಸರು ಕೇಳಿದವರು ಕಡಿಮೆ. ಫೋನಿನಲ್ಲಿ ಅಮ್ಮನಿಗೆ ವಿವರಿಸುವುದೇ ಕಷ್ಟ.

ಈ ಕಾಯಿಲೆಯಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಮಿದುಳು, ಬೆನ್ನುಹುರಿಗಳ ನರತಂತುಗಳ ಮೇಲಿನ ಮಯಲಿನ್ ಹೊದಿಕೆಯನ್ನು ಕೆಡಿಸುತ್ತದೆ, ಕರೆಂಟಿನ ತಂತಿಯ ಮೇಲಿನ ಪ್ಲಾಸ್ಟಿಕ್ ಸುಲಿದ ಹಾಗೆ. ಹೆಚ್ಚಾಗಿ 20ರಿಂದ 40ರ ಪ್ರಾಯದಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಇದೆ, ಇಲ್ಲ ಎಂದು ಹೇಳಿಬಿಡುವ ಒಂದೇ ರಕ್ತಪರೀಕ್ಷೆ ಇಲ್ಲ. ಬೇರೆ ಬೇರೆ ಜಾಗದಲ್ಲಿ, ಬೇರೆ ಬೇರೆ ಕಾಲದಲ್ಲಿ ಆದ ಗುರುತುಗಳನ್ನು ಹುಡುಕಬೇಕು. 2001ರ ಮ್ಯಾಕ್‌ಡೊನಾಲ್ಡ್ ಮಾನದಂಡಗಳನ್ನು ಹಲವು ಸಲ, 2024ರಲ್ಲೂ, ಪರಿಷ್ಕರಿಸಿದ್ದರಿಂದ ಉತ್ತರ ಮೊದಲಿಗಿಂತ ಬೇಗ ಸಿಗುತ್ತದೆ. ಆದರೂ ಕೆಲವರು ಕಾಯಲೇಬೇಕು. ಜೋಮು ಬಿ-12 ಕೊರತೆಯಿಂದಲೂ ಬರುತ್ತದೆ, ಸಸ್ಯಾಹಾರಿಗಳಾದ ನಮ್ಮಲ್ಲಿ ಅದೇನೂ ಅಪರೂಪವಲ್ಲ.

ಸುಂದರಕಾಂಡದ 13ನೆಯ ಸರ್ಗವನ್ನು ನೆನೆಯೋಣ. ಸಮುದ್ರ ಹಾರಿದ ಹನುಮಂತ ಲಂಕೆಯ ಮನೆಮನೆಯನ್ನೂ ರಾವಣನ ಅಂತಃಪುರವನ್ನೂ ಹುಡುಕಿ ಸೋತಿದ್ದಾನೆ. ಸೀತೆ ಬದುಕಿದ್ದಾಳೋ ಇಲ್ಲವೋ ತಿಳಿಯದು. ಆಗ ಅವನ ಮನಸ್ಸು ಹಾಕುವ ಲೆಕ್ಕ ನೋಡಿ: ಕಾಣಲಿಲ್ಲವೆಂದು ಹೇಳಿದರೆ ರಾಮ ಉಳಿಯುವುದಿಲ್ಲ, ಆಮೇಲೆ ಲಕ್ಷ್ಮಣ, ಭರತ, ಶತ್ರುಘ್ನ, ತಾಯಂದಿರು, ಅತ್ತ ಸುಗ್ರೀವ, ರುಮೆ, ತಾರೆ, ಅಂಗದ, ಕೊನೆಗೆ ಕಪಿಕುಲವೇ. ತಿಳಿಯದ ಒಂದು ಸಂಗತಿಯಿಂದ ಅಯೋಧ್ಯೆ, ಕಿಷ್ಕಿಂಧೆ ಎರಡೂ ಹಾಳು! ರಾತ್ರಿ ಎರಡು ಗಂಟೆಗೆ ಕಂಪ್ಯೂಟರ್ ಮುಂದೆ ಕುಳಿತು ವೀಲ್‌ಚೇರು, ಕೆಲಸ, ಇನ್ಶೂರೆನ್ಸು, ವೀಸಾ, ಮಕ್ಕಳ ಓದು ಎಂದು ಎಣಿಸುತ್ತಾ ಹೋಗುವ ನಾವು ಮಾಡುವುದೂ ಇದನ್ನೇ. ಬುದ್ಧಿವಂತರಲ್ಲಿ ಶ್ರೇಷ್ಠನಾದವನ ಮನಸ್ಸೇ ಹೀಗೆ ಓಡಿತು. ನಮ್ಮದು ಓಡಿದರೆ ಅದು ಭಕ್ತಿಯ ಕೊರತೆ ಅಲ್ಲ. ಪ್ರಾಣ ಬಿಡುವ ಯೋಚನೆಯೂ ಅವನಿಗೆ ಬಂತು, ವಾಲ್ಮೀಕಿಗಳು ಅದನ್ನು ಮುಚ್ಚಿಡಲಿಲ್ಲ. (ಅಂಥ ಯೋಚನೆ ಬಂದವರು ಮನೆಯವರಿಗೆ, ಡಾಕ್ಟರಿಗೆ ಆ ದಿನವೇ ಹೇಳಬೇಕು.)

ಆಮೇಲೆ ಏನಾಯಿತು? ಯಾವ ದೇವರೂ ಪ್ರತ್ಯಕ್ಷನಾಗಿ ಸೀತೆ ಇಂಥಲ್ಲಿದ್ದಾಳೆ ಎನ್ನಲಿಲ್ಲ. ತಾನಿನ್ನೂ ಹುಡುಕದ ಅಶೋಕವನ ಒಂದಿದೆ ಎಂಬುದು ಕಣ್ಣಿಗೆ ಬಿತ್ತು, ಅಷ್ಟೆ. ರಾಮಲಕ್ಷ್ಮಣರಿಗೂ ಸೀತೆಗೂ ದೇವತೆಗಳಿಗೂ ನಮಸ್ಕರಿಸಿ ಅತ್ತ ಹೊರಟ. ಸೀತೆ ಸಿಕ್ಕೇ ಸಿಗುತ್ತಾಳೆಂದು ಆಗಲೂ ಅವನಿಗೆ ಗೊತ್ತಿರಲಿಲ್ಲ.

ನಮ್ಮ ಪಾಲಿಗೆ ಆ ವನ ಎಂದರೆ ಮುಂದಿನ ಸ್ಕ್ಯಾನು, ಬಿ-12 ಪರೀಕ್ಷೆ, ಜೋಮು ಎಂದು ಬಂತು, ಎಷ್ಟು ದಿನ ಇತ್ತು ಎಂದು ಬರೆದಿಟ್ಟುಕೊಳ್ಳುವುದು. ಹರಕೆ ಹೊರೋಣ, ಜಾತಕ ತೋರಿಸುವವರು ತೋರಿಸಲಿ. ಆದರೆ ಗ್ರಹಗತಿ ನೋಡಿ ಅಪಾಯಿಂಟ್‌ಮೆಂಟ್ ಮುಂದೂಡುವುದು ಸರಿಯಲ್ಲ. ಈ ಕಾಯಿಲೆಯ ಓಟವನ್ನು ತಡೆಯುವ ಮೊದಲ ಔಷಧಿಗೆ ಇಲ್ಲಿ ಅನುಮತಿ ಸಿಕ್ಕಿದ್ದು 1993ರಲ್ಲಿ. ಈಗ ಇಪ್ಪತ್ತಕ್ಕೂ ಹೆಚ್ಚಿವೆ. ಬೇಗ ತಿಳಿದಷ್ಟೂ ಲಾಭ.

ಸುತ್ತಲಿನವರಾದ ನಮಗೂ ಒಂದು ಮಾತು. "ಏನೂ ಇರಲ್ಲ ಬಿಡಿ" ಎನ್ನಲು ನಾವು ಯಾರು? "ಎಲ್ಲಾ ಪ್ರಾರಬ್ಧ" ಎಂಬುದು ನಮಗೆ ನಾವೇ ಹೇಳಿಕೊಳ್ಳಬಹುದಾದ ಮಾತು, ಇನ್ನೊಬ್ಬರ ಎದುರು ಆಡುವಂಥದ್ದಲ್ಲ. ಒಂದು ಡಬ್ಬಿ ಹುಳಿಯನ್ನ ಕೊಟ್ಟು, ಮಕ್ಕಳನ್ನು ಸ್ಕೂಲಿನಿಂದ ಕರೆತಂದರೆ ಸಾಕು.

ಶನಿವಾರ ಸಂಜೆ ದೇವಸ್ಥಾನದಲ್ಲಿ ಸುಂದರಕಾಂಡ ಪಾರಾಯಣವಿದೆ. ಕಣ್ಣು ಮಂಜಾಗಿ ಕಾರು ಓಡಿಸಲಾಗದವರು ಹೇಳಿ ಕಳಿಸಿದರೆ ಯಾರಾದರೂ ಬಂದು ಕರೆತರುತ್ತೇವೆ. ಸಂಕಲ್ಪಕ್ಕೆ ಹೆಸರು, ನಕ್ಷತ್ರ ಸಾಕು. ಕಾರಣ ಯಾರೂ ಕೇಳುವುದಿಲ್ಲ.